ಹಬ್ಬದಲ್ಲಿ ಗಂಡಸರ ಪಾಲಿನ ಕೆಲಸ ಎಲ್ಲಿ ಹೋಯಿತು?

ಎಲ್ಲರಿಗೂ ಶರಣು. ಕೆಲವು ದಿನಗಳಿಂದ ವಿದೇಶದಲ್ಲಿರುವ ನಮ್ಮ ಕಡೆಯವರ ಈ ಗುಂಪಿನಲ್ಲಿ ನಡೆಯುತ್ತಿರುವ ಮಾತನ್ನೆಲ್ಲ ಓದುತ್ತಾ ಇದ್ದೇನೆ. ಮುದ್ದೇಬಿಹಾಳದ ಅಕ್ಕ ಕೇಳಿದ್ದು ಚಿಕ್ಕ ಪ್ರಶ್ನೆ. ಮಗಳು ದೊಡ್ಡವಳಾಗಿದ್ದಾಳೆ, ಊರಿನಿಂದ ಅತ್ತೆಯವರು ಆರತಿ ಮಾಡಲೇಬೇಕು ಅಂತಿದ್ದಾರೆ, ಮಗಳು ಸುತರಾಂ ಒಪ್ಪುತ್ತಿಲ್ಲ, ಏನು ಮಾಡಲಿ? ಅದಕ್ಕೆ ಬಂದ ಉತ್ತರಗಳು ಎಲ್ಲೆಲ್ಲಿಗೋ ಹೋದವು. ಕೆಲವರು "ಹಳೇ ಕಾಲದ್ದು, ಬಿಟ್ಟುಬಿಡಿ" ಅಂದರು. ಗೋಕಾಕದ ಅಣ್ಣ "ಇಂಥವನ್ನೂ ಬಿಟ್ಟರೆ ಮಕ್ಕಳಿಗೆ ನಮ್ಮದು ಅಂತ ಏನು ಉಳಿಯುತ್ತೆ?" ಅಂದರು. ಬೆಳಗಾವಿಯ ತಂಗಿ ಒಬ್ಬಳು "ಉಳಿಸೋರು ಯಾರು ಅಣ್ಣಾ, ನಾವೇ ಅಲ್ವಾ?" ಅಂತ ಒಂದೇ ಸಾಲು ಬರೆದು ಸುಮ್ಮನಾದಳು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಇಡೀ ಚರ್ಚೆಯಲ್ಲಿ ಉತ್ತರ ಬೇಕಾಗಿದ್ದದ್ದು ಅದಕ್ಕೇ ಅಂತ ನನಗನ್ನಿಸಿತು.

ನಾನು ಜಮಖಂಡಿ ಕಡೆಯವಳು. ಮದುವೆಯಾದ ಮೇಲೆ ಸ್ವೀಡನ್ನಿನ ಗೋಥೆನ್‌ಬರ್ಗಿಗೆ ಬಂದೆ. ಒಬ್ಬ ಮಗ, ಒಬ್ಬಳು ಮಗಳು. ಡಿಗ್ರಿಯಲ್ಲಿ ಸಮಾಜಶಾಸ್ತ್ರ ಓದಿದ್ದೆ. ಈಗ ಮಾಡುವ ಕೆಲಸಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಆದರೂ ಆ ಓದು ಒಂದು ಚಾಳಿ ಅಂಟಿಸಿದೆ. ಯಾವುದೇ ಆಚರಣೆ ನೋಡಿದರೂ ಅದರ ಅರ್ಥಕ್ಕಿಂತ ಮೊದಲು ಅದರ ಕೆಲಸ ಯಾರು ಮಾಡ್ತಿದ್ದಾರೆ ಅಂತ ಕಣ್ಣು ಹೋಗುತ್ತೆ.

ನೀವೂ ಊರಿನ ಹಬ್ಬಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳಿ. ಕಾರಹುಣ್ಣಿಮೆ ಬಂತು ಅಂದರೆ ಎತ್ತುಗಳ ಮೈ ತೊಳೆಯೋದು, ಕೊಂಬಿಗೆ ಬಣ್ಣ ಹಚ್ಚೋದು, ಸಂಜೆ ಎತ್ತುಗಳನ್ನು ಓಡಿಸಿ ಕರಿ ಹರಿಯೋದು, ಎಲ್ಲ ಗಂಡಸರ ಕೆಲಸ. ಯಾವ ಬಣ್ಣದ ಎತ್ತು ಮುಂದೆ ಬಂತು ಅನ್ನೋದನ್ನು ನೋಡಿ ಈ ವರ್ಷ ಯಾವ ಬೆಳೆ ಅಂತ ಹಿರಿಯರು ಹೇಳೋರು. ಅದಾದ ಮೇಲೆ ಮಣ್ಣೆತ್ತಿನ ಅಮವಾಸ್ಯೆ. ಹಸಿ ಮಣ್ಣು ತಂದು, ಕಲಸಿ, ಎರಡು ಎತ್ತು ಮಾಡಿ, ಮುಂದೊಂದು ಗ್ವಾದಲಿ (ಮೇವಿನ ತೊಟ್ಟಿ) ಇಡೋದು. ನಮ್ಮ ಮನೆಯಲ್ಲಿ ಅದು ಅಪ್ಪ ಮತ್ತು ಅಣ್ಣಂದಿರ ಪಾಲಿನದ್ದು. ಅವ್ವ ಆ ಕಡೆ ತಲೆ ಹಾಕುತ್ತಲೇ ಇರಲಿಲ್ಲ. ಪಂಚಮಿಗೆ ಅಕ್ಕತಂಗಿಯರನ್ನು ಕರೆತರೋದು ಅಣ್ಣತಮ್ಮಂದಿರ ಹೊಣೆ. ಮರಕ್ಕೆ ಜೋಕಾಲಿ ಕಟ್ಟೋದೂ ಅವರೇ. ಎಳ್ಳ ಅಮವಾಸ್ಯೆಗೆ ಚಕ್ಕಡಿ ಕಟ್ಟೋದು, ಎಲ್ಲರನ್ನೂ ಹೊಲಕ್ಕೆ ಕರೆದುಕೊಂಡು ಹೋಗೋದು, ಕೂಗುತ್ತಾ ಹೊಲದ ತುಂಬ ಎಡೆಯ ಚರಗ ಚೆಲ್ಲೋದು ಗಂಡಸರು. ಸಜ್ಜೆ ಕಡುಬು, ಎಣ್ಣೆಗಾಯಿ, ಶೇಂಗಾ ಹೋಳಿಗೆ, ರೊಟ್ಟಿ ಎಲ್ಲ ಹೆಂಗಸರ ಕೈಯಿಂದ. ಮದುವೆಯಲ್ಲಿ ಸೋದರಮಾವನಿಗೆ ಅಂತಲೇ ಬೇರೆ ಕೆಲಸ ಇರೋದು. ವಾರದ ಸಂತೆ ಬಹಳ ಮನೆಗಳಲ್ಲಿ ಗಂಡಸರೇ ಮಾಡೋರು.

ಇನ್ನೊಂದು ಮಜಾ ಸಂಗತಿ ಇದೆ. ನಮ್ಮ ಗಂಡಸರಿಗೆ ಅಡುಗೆ ಬರಲ್ಲ ಅನ್ನೋದು ಶುದ್ಧ ಸುಳ್ಳು. ಜಾತ್ರೆಯಲ್ಲಿ, ಮಠದ ದಾಸೋಹದಲ್ಲಿ ಕೊಪ್ಪರಿಗೆಗಟ್ಟಲೆ ಗೋಧಿ ಹುಗ್ಗಿ ಕಾಯಿಸೋರು ಯಾರು? ಸಾವಿರಾರು ಜನಕ್ಕೆ ಅನ್ನ ಬಸಿಯೋರು ಯಾರು? ಟವೆಲ್ಲು ತಲೆಗೆ ಸುತ್ತಿಕೊಂಡು, ಬೆವರು ಒರೆಸಿಕೊಳ್ಳುತ್ತಾ, ನಗುತ್ತಾ ಮಾಡ್ತಾರೆ. ಅಲ್ಲಿ ಅದು ಸೇವೆ, ಹೆಮ್ಮೆ. ಅದೇ ಮನುಷ್ಯ ಮನೆಗೆ ಬಂದು ನೀರಿನ ಲೋಟಕ್ಕೆ ಕೈ ಚಾಚುತ್ತಾನೆ. ಅಂದರೆ ಒಲೆಯ ಮುಂದೆ ನಿಲ್ಲೋದು ಅವನಿಗೆ ಅವಮಾನ ಅಲ್ಲವೇ ಅಲ್ಲ. ನಾಲ್ಕು ಜನ ನೋಡೋ ಕಡೆ ಆದರೆ ಗಂಡಸಿಗೆ ಗೌರವ, ಯಾರೂ ನೋಡದ ಕಡೆ ಆದರೆ ಹೆಂಗಸಿಗೆ ಕರ್ತವ್ಯ. ನನ್ನ ಡಿಗ್ರಿಯ ಪುಸ್ತಕಗಳು ಇದನ್ನು ಪುಟಗಟ್ಟಲೆ ವಿವರಿಸಿದ್ದವು. ಬನಶಂಕರಿ ಜಾತ್ರೆಗೆ ಒಂದು ಸಲ ಹೋಗಿ ಬಂದವರಿಗೆ ಅಷ್ಟು ಓದು ಬೇಕಿಲ್ಲ.

ಊರಿನ ವ್ಯವಸ್ಥೆ ಸಮಪಾಲಿನದ್ದಾಗಿತ್ತು ಅಂತ ನಾನು ಹೇಳುತ್ತಿಲ್ಲ. ಖಂಡಿತ ಅಲ್ಲ. ಗಂಡಸರ ಕೆಲಸ ಹಬ್ಬಕ್ಕೊಮ್ಮೆ, ಹೆಂಗಸರ ಕೆಲಸ ದಿನಾ ನಸುಕಿನಿಂದ. 2019ರಲ್ಲಿ ಭಾರತ ಸರ್ಕಾರ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅಂತ ದೇಶದಾದ್ಯಂತ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಕೈ ಹಾಕುವ ಹೆಂಗಸರು ಆಗ ದಿನಕ್ಕೆ ಸರಾಸರಿ 299 ನಿಮಿಷ ದುಡಿಯುತ್ತಿದ್ದರು, ಗಂಡಸರು 97 ನಿಮಿಷ. ಆ 97 ನಿಮಿಷವೂ ಎಲ್ಲ ಗಂಡಸರ ಲೆಕ್ಕ ಅಲ್ಲ. ಅಂಥ ಕೆಲಸಕ್ಕೆ ಕೈ ಹಾಕೋ ಗಂಡಸರೇ ನೂರಕ್ಕೆ 26 ಇದ್ದರು. ಹೆಂಗಸರು ನೂರಕ್ಕೆ 81. ಇಲಕಲ್ಲಿನಲ್ಲೋ ಗುಳೇದಗುಡ್ಡದಲ್ಲೋ ನೇಕಾರರ ಮನೆಗೆ ಹೋಗಿ ನೋಡಿ. ಮಗ್ಗದ ಮೇಲೆ ಕೂತವನು ನೇಕಾರ. ಪಕ್ಕದಲ್ಲಿ ಕೂತು ಕಂಡಿಕೆ ಸುತ್ತೋ ಹೆಂಡತಿ, ಮಗಳು, ಮುದುಕಿ ಅವ್ವ "ಮನೆಯಲ್ಲಿ ಇರ್ತಾರೆ" ಅಷ್ಟೇ. ನಾವು ರಾಜ್ಯೋತ್ಸವಕ್ಕೆ ಉಡೋ ಕೆಂಪು ಸೆರಗಿನ ಸೀರೆಯ ಕಥೆ ಇದು.

ಇಷ್ಟಾದರೂ ಒಂದು ಮಾತು ನಿಜ. ಅಲ್ಲಿ ಸಂಪ್ರದಾಯ ಅನ್ನೋದು ಒಬ್ಬಳ ಹೆಗಲ ಮೇಲೆ ಇರಲಿಲ್ಲ. ಅತ್ತೆ, ನೆಗೆಣ್ಣಿ, ಓಣಿಯ ಹೆಂಗಸರು, ಬಳೆಗಾರ, ಕುಂಬಾರ, ಹೂಗಾರ, ಮೇಲೆ ಗಂಡಸರ ಪಾಲು. ಎಲ್ಲರೂ ಸೇರಿ ಒಂದು ಹಬ್ಬ. ಅದರಲ್ಲಿ ಜಾತಿಯ ಕಟ್ಟುಪಾಡೂ ಇತ್ತು. ಬಿಡಿ, ಅದು ಬೇರೆಯದೇ ಚರ್ಚೆ.

ಈಗ ಇಲ್ಲಿಗೆ ಬನ್ನಿ. ವಿಮಾನ ಹತ್ತಿದಾಗ ಯಾವ ಹಬ್ಬ ಜೊತೆಗೆ ಬಂತು, ಯಾವುದು ಹಿಂದೆ ಉಳಿಯಿತು? ಎತ್ತಿಲ್ಲ, ಆದ್ದರಿಂದ ಕಾರಹುಣ್ಣಿಮೆ ಇಲ್ಲ. ಹೊಲ ಇಲ್ಲ, ಆದ್ದರಿಂದ ಚರಗ ಇಲ್ಲ. ತವರು ಸಾವಿರಾರು ಮೈಲಿ ದೂರ, ಆದ್ದರಿಂದ ಪಂಚಮಿಗೆ ಕರೆಯೋಕೆ ಯಾರೂ ಬರಲ್ಲ. ಜಾತ್ರೆ ಇಲ್ಲ, ಕೊಪ್ಪರಿಗೆ ಇಲ್ಲ. ಹೊರಗಿನದ್ದೆಲ್ಲ, ಅಂದರೆ ಗಂಡಸರ ಪಾಲಿನದ್ದೆಲ್ಲ, ಬಾಗಲಕೋಟೆಯಲ್ಲೇ ಉಳಿಯಿತು. ಬಂದದ್ದು ಮನೆಯೊಳಗಿನದ್ದು. ದೇವರ ಕೋಣೆ, ಹೋಳಿಗೆ, ಸೀರೆ, ಅರಿಶಿನ ಕುಂಕುಮ, ಉಡಿ ತುಂಬೋದು. ಅಷ್ಟು ಸಾಲದು ಅಂತ ವರಮಹಾಲಕ್ಷ್ಮಿಯನ್ನೂ ಸೇರಿಸಿಕೊಂಡಿದ್ದೇವೆ. ನಮ್ಮ ಓಣಿಯಲ್ಲಿ ಅದು ಅಷ್ಟು ದೊಡ್ಡ ಹಬ್ಬ ಆಗಿರಲೇ ಇಲ್ಲ. ಇಲ್ಲಿ ಬೆಂಗಳೂರಿನವರನ್ನು ನೋಡಿ ಕಲಿತದ್ದು. ತಪ್ಪಲ್ಲ, ಚೆನ್ನಾಗೇ ಇದೆ. ಆದರೆ ಅದರ ಕೆಲಸವೂ ಅದೇ ಒಬ್ಬಳಿಗೆ.

ನನ್ನ ಮಾತು ಇಷ್ಟೇ. ವಿದೇಶದಲ್ಲಿ ಸಂಪ್ರದಾಯ ಕಡಿಮೆ ಆಗಿಲ್ಲ, ಹೆಂಗಸರ ಪಾಲಿಗೆ ಗುಡ್ಡೆ ಬಿದ್ದಿದೆ. ಗಂಡಸರ ಅರ್ಧ ಕಳೆದುಹೋಗಿದೆ, ಅದನ್ನು ಯಾರೂ ಹುಡುಕುತ್ತಲೂ ಇಲ್ಲ. ಮಕ್ಕಳು ಇದನ್ನು ನೋಡ್ತಾ ಬೆಳೀತಿದ್ದಾರೆ. ಅವರ ಕಣ್ಣಿಗೆ ಕನ್ನಡತನ ಅನ್ನೋದು ಅಮ್ಮನ ಇಲಾಖೆ. ನನ್ನ ಮಗ ಚಿಕ್ಕವನಿದ್ದಾಗ ಶಾಲೆಯಲ್ಲಿ "ನಿಮ್ಮ ಮನೆಯ ಹಬ್ಬ" ಅಂತ ಚಿತ್ರ ಬರೆಸಿದರು. ಅಮ್ಮ ಒಲೆ ಮುಂದೆ, ತಂಗಿ ಲಂಗದಲ್ಲಿ, ಅಪ್ಪ ಫೋನಿನಲ್ಲಿ ಫೋಟೊ ತೆಗೀತಾ. ನನ್ನ ಗಂಡ ಅದನ್ನು ನೋಡಿ ನಕ್ಕರು, ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಗೋಕಾಕದ ಅಣ್ಣಾರೇ, ಮಕ್ಕಳಿಗೆ ಏನು ಉಳಿಯುತ್ತೆ ಅಂತ ಕೇಳಿದಿರಲ್ಲ. ಈ ಲೆಕ್ಕದಲ್ಲಿ ಮಗಳಿಗೆ ದೊಡ್ಡ ಹೊರೆ ಉಳಿಯುತ್ತೆ. ಮಗನಿಗೆ ಫೋಟೊ ಉಳಿಯುತ್ತೆ.

ಸ್ವೀಡನ್ನಿನ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. 1974ರಲ್ಲಿ ಈ ದೇಶ ತಾಯಿಗೆ ಮಾತ್ರ ಇದ್ದ ಹೆರಿಗೆ ರಜೆಯನ್ನು ತಂದೆತಾಯಿ ಇಬ್ಬರ ರಜೆಯಾಗಿ ಬದಲಿಸಿತು. ಜಗತ್ತಿನಲ್ಲಿ ಮೊದಲು ಹಾಗೆ ಮಾಡಿದ್ದು ಇವರೇ. ಗಂಡಸರು ಓಡಿ ಬಂದು ರಜೆ ಹಾಕಿದರಾ? ಇಲ್ಲ. ಮೊದಲ ವರ್ಷ ಅಪ್ಪಂದಿರು ತೆಗೆದುಕೊಂಡದ್ದು ಒಟ್ಟು ದಿನಗಳಲ್ಲಿ ಇನ್ನೂರಕ್ಕೆ ಒಂದು ದಿನ ಅಷ್ಟೇ. ಹೆಚ್ಚುಕಡಿಮೆ ಎಲ್ಲರೂ ತಮ್ಮ ದಿನಗಳನ್ನು ಹೆಂಡತಿಯ ಹೆಸರಿಗೆ ಬರೆದುಕೊಟ್ಟರು. ಹಕ್ಕು ಇತ್ತು, ಸಮಾನತೆಯ ಭಾಷಣ ಇತ್ತು, ಮಗುವನ್ನು ಎತ್ತಿಕೊಂಡಿದ್ದು ಮಾತ್ರ ಅಮ್ಮನೇ. ಆಮೇಲೆ 1995ರಲ್ಲಿ ಒಂದು ತಿಂಗಳನ್ನು ಬೇರೆಯವರಿಗೆ ಕೊಡೋಕೆ ಬಾರದಂತೆ ಕಟ್ಟಿಟ್ಟರು. ಅಪ್ಪ ತೆಗೆದುಕೊಳ್ಳಬೇಕು, ಇಲ್ಲಾ ಅದು ಹೋಯಿತು. 2002ರಲ್ಲಿ ಎರಡನೇ ತಿಂಗಳು, 2016ರಲ್ಲಿ ಮೂರನೆಯದು. ಈಗ ಒಂದು ಮಗುವಿಗೆ 480 ದಿನ, ಅದರಲ್ಲಿ 90 ಅಪ್ಪನಿಗೇ, 90 ಅಮ್ಮನಿಗೇ. ಇವತ್ತು ಅಪ್ಪಂದಿರ ಪಾಲು ನೂರಕ್ಕೆ ಸುಮಾರು 30ಕ್ಕೆ ಬಂದಿದೆ. ಅರ್ಧ ಶತಮಾನ ಹಿಡಿಯಿತು, ಅದೂ ಇನ್ನೂ ಅರ್ಧಕ್ಕೆ ಮುಟ್ಟಿಲ್ಲ. "ಇಲ್ಲಿಯ ಗಂಡಸರು ಹುಟ್ಟಾ ಹಾಗೆ, ನಮ್ಮವರು ಹೀಗೆ" ಅಂತ ನಾವು ಮಾತಾಡಿಕೊಳ್ಳೋದು ಸುಮ್ನೆ. ಇವರೂ ಹಾಗೆ ಇರಲಿಲ್ಲ. ಕೈ ಬದಲಿಸೋಕೆ ಆಗದ ಹಾಗೆ ಪಾಲು ಹಂಚಿದ ಮೇಲೆ ಬದಲಾದರು.

ನಮ್ಮ ಗಂಡಸರೂ ಇಲ್ಲಿ ಆ ರಜೆ ಹಾಕ್ತಾರೆ. ಮಗುವಿನ ಗಾಡಿ ತಳ್ಳಿಕೊಂಡು ಪಾರ್ಕಿನಲ್ಲಿ ಓಡಾಡ್ತಾರೆ, ಡೈಪರ್ ಬದಲಿಸ್ತಾರೆ. ಊರಿನಿಂದ ಅಪ್ಪ ಅವ್ವ ಬಂದ ಕೂಡಲೇ ನೋಡಿ, ಗಾಡಿ ತಾನಾಗೇ ಹೆಂಡತಿಯ ಕೈಗೆ ಬರುತ್ತೆ. ಯಾರೂ ಏನೂ ಅಂದಿರಲ್ಲ. ಅಪ್ಪ ಅವ್ವ ಇಲ್ಲಿರೋ ಮೂರು ತಿಂಗಳು ಗಂಡ ಸ್ವೀಡನ್ನಿನ ಅಪ್ಪ ಅಲ್ಲ, ರಬಕವಿಯ ಮಗ. ನನ್ನ ಗಂಡನೂ ಇದಕ್ಕೆ ಹೊರತಲ್ಲ. ಇದನ್ನು ಓದಿಸಿಯೇ ಹಾಕ್ತಿದ್ದೇನೆ.

ಎಣಿಕೆಗೆ ಬಾರದ ಇನ್ನೊಂದು ಕೆಲಸ ಇದೆ. ಯಾರ ಮನೆಯಲ್ಲಿ ಕುಬುಸ (ಸೀಮಂತ), ಯಾರದು ತೊಟ್ಟಿಲು, ಅವರು ನಮ್ಮ ಮದುವೆಗೆ ಎಷ್ಟು ಆಯೇರ (ಉಡುಗೊರೆ) ಮಾಡಿದ್ದರು, ಈಗ ನಾವು ಎಷ್ಟು ಕಳಿಸಬೇಕು, ಮಾವನ ಬಿಪಿ ಗುಳಿಗೆ ಮುಗಿಯಿತಾ, ನಾದಿನಿಯ ಮಗನ ಪರೀಕ್ಷೆ ಯಾವಾಗ. ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಳ್ಳೋದು ಯಾರು? ಗಂಡನ ಕಡೆಯ ನಂಟಸ್ತಿಕೆಯನ್ನೂ ಹೆಂಡತಿಯೇ ಕಾಯಬೇಕು. ಆಫೀಸು ಮುಗಿಸಿ ಬಂದ ಹೆಂಗಸಿಗೆ ಮನೆಯಲ್ಲಿ ಎರಡನೇ ಪಾಳಿ ಕಾದಿರುತ್ತೆ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1989ರಲ್ಲೇ ಹೇಳಿದ್ದರು. ನಮ್ಮಂಥ ವಲಸೆ ಬಂದವರಿಗೆ ಮೂರನೆಯದೂ ಇದೆ. ಊರಿನ ಹೊತ್ತಿಗೆ ಸರಿಯಾಗಿ ವಾಟ್ಸಾಪಿನಲ್ಲಿ ನಡೆಯೋ ಪಾಳಿ ಅದು. ಇದನ್ನು ಹಂಚಿಕೊಳ್ಳೋದು ಬಹಳ ಸುಲಭ. ನಿಮ್ಮ ಅವ್ವನಿಗೆ ನೀವೇ ಫೋನ್ ಮಾಡಿ. ಅಷ್ಟೇ.

ಆರತಿಯ ಪ್ರಶ್ನೆಗೆ ಬರ್ತೀನಿ. ಅಕ್ಕಾ, ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಹಾಲ್ ಬಾಡಿಗೆ, ಜನ, ಫೋಟೊ ಯಾವುದೂ ಬೇಡ. ಹಿಂದೆ ಆ ಆರತಿಯ ಕೆಲಸ ಏನಾಗಿತ್ತು? ಮನೆಯಲ್ಲಿ ಮದುವೆಗೆ ಬಂದ ಹುಡುಗಿ ಇದ್ದಾಳೆ ಅಂತ ಊರಿಗೆ ಸಾರೋದು. ಹುಡುಗಿಯ ಮದುವೆ ವಯಸ್ಸು 1929ರ ಕಾನೂನಿನಲ್ಲಿ 14 ಇತ್ತು, 1978ರಲ್ಲಿ 18 ಆಯಿತು. ಕಾನೂನು ಬದಲಾದರೂ 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 21 ಮಂದಿಗೆ 18 ತುಂಬೋ ಮೊದಲೇ ಮದುವೆಯಾಗಿತ್ತು. ನಮ್ಮ ಉತ್ತರದ ಜಿಲ್ಲೆಗಳ ಪಾಲು ಇದರಲ್ಲಿ ಜಾಸ್ತಿ. ಅಲ್ಲಿ ಇವತ್ತಿಗೂ ಆ ಆರತಿಯ ಹಿಂದೆಯೇ ಗಂಡು ನೋಡೋ ಮಾತು ಬರುತ್ತೆ. ಅದು ಸುಮ್ನೆ ಒಂದು ಚೆಂದದ ಹಬ್ಬ ಅಂತ ನನ್ನ ಕೈಲಿ ಹೇಳೋಕೆ ಆಗಲ್ಲ.

ಆದರೆ ಅದರೊಳಗೆ ಇನ್ನೊಂದು ಇತ್ತು. ಒಣಕೊಬ್ಬರಿ, ಬೆಲ್ಲ, ತುಪ್ಪ ಹಾಕಿದ ಅಂಟಿನುಂಡಿ. ಕೆಲಸದಿಂದ ಬಿಡುವು. ಸೋದರತ್ತೆ, ಅಜ್ಜಿ, ಚಿಗವ್ವ ಸುತ್ತ ಕೂತು ಹೇಳೋ ಮಾತು. ಹುಡುಗಿ ಒಬ್ಬಳೇ ಅಲ್ಲ ಅನ್ನೋ ಧೈರ್ಯ ಅಲ್ಲಿಂದ ಬರೋದು. ಅದನ್ನು ಉಳಿಸಿಕೊಳ್ಳಿ. ಅಜ್ಜಿಗೆ ಹೇಳಿ ಅಂಟಿನುಂಡಿ ಮಾಡಿಸಿ, ವಿಡಿಯೋ ಕಾಲಿನಲ್ಲಿ ಅಜ್ಜಿ ಮೊಮ್ಮಗಳು ಇಬ್ಬರೇ ಮಾತಾಡಲಿ. ಅಜ್ಜಿಗೆ ಬೇಕಾಗಿದ್ದು ಬಹಳ ಸಲ ಅಷ್ಟೇ ಇರುತ್ತೆ. ಮಗಳು ಅದಕ್ಕೂ ಬೇಡ ಅಂದರೆ ಬಿಟ್ಟುಬಿಡಿ. ಮನೆಯಲ್ಲಿ ಮಗ ಇದ್ದರೆ ಅವನಿಗೂ ವಿಷಯ ಗೊತ್ತಿರಲಿ. ನನ್ನ ಮಗ ಅಂಗಡಿಗೆ ಹೋದರೆ ತಂಗಿಗೆ ಪ್ಯಾಡ್ ತರ್ತಾನೆ. ಹಾಲು ತಂದ ಹಾಗೆ ತರ್ತಾನೆ, ಮುಖ ಕೆಂಪಾಗಲ್ಲ.

ಮುಟ್ಟಾದಾಗ ಹೊರಗೆ ಕೂಡೋ ವಿಷಯಕ್ಕೂ ಒಂದು ಮಾತು. ಈ ಗುಂಪಿನಲ್ಲಿ ಬಹಳ ಮಂದಿ ಬಸವ ಜಯಂತಿ ಮಾಡೋರು. ಸೂತಕಗಳನ್ನು ಶರಣರು ಒಪ್ಪಲಿಲ್ಲ, ಅದರಲ್ಲಿ ಮುಟ್ಟಿನ ಸೂತಕವೂ ಸೇರಿತ್ತು. ಅಕ್ಕ ನಾಗಮ್ಮನಿಗೆ ಇಲ್ಲದ ಜನಿವಾರ ತನಗೂ ಬೇಡ ಅಂತ ಬಾಲಕ ಬಸವಣ್ಣ ಮನೆ ಬಿಟ್ಟ ಕಥೆಯನ್ನು ಬಾಗೇವಾಡಿಯಲ್ಲಿ ಯಾರನ್ನು ಕೇಳಿದರೂ ಹೇಳ್ತಾರೆ. ಅಕ್ಕಿ ಆಯ್ದು ಬದುಕಿದ ಲಕ್ಕಮ್ಮ ಅಗತ್ಯಕ್ಕಿಂತ ಜಾಸ್ತಿ ಅಕ್ಕಿ ತಂದ ಗಂಡನಿಗೆ ಬುದ್ಧಿ ಹೇಳಿ ವಾಪಸ್ ಕಳಿಸಿದವಳು. 12ನೇ ಶತಮಾನದ್ದು ಇದು. ವಚನ ಹಾಡಿ ಮುಗಿಸಿದ ಮೇಲೆ ಸಭಾಭವನದ ಅಡುಗೆಮನೆಯಲ್ಲಿ ಪಾತ್ರೆ ತೊಳೀತಾ ಇರೋರು ಯಾರು ಅಂತ ಮುಂದಿನ ಸಲ ಒಂದು ಸುತ್ತು ನೋಡಿ ಬನ್ನಿ.

ಇದಕ್ಕೇ, ಗುಂಪಿನಲ್ಲಿ "ಸಮಾನತೆ ಎಲ್ಲ ಪಶ್ಚಿಮದವರಿಂದ ಕಲಿತ ಮಾತು" ಅಂದ ಇನ್ನೊಬ್ಬ ಅಣ್ಣನ ಮಾತನ್ನು ನಾನು ಒಪ್ಪಲ್ಲ. ಸವದತ್ತಿಯನ್ನೇ ತೆಗೆದುಕೊಳ್ಳಿ. ಹೊಸ್ತಿಲ ಹುಣ್ಣಿಮೆಗೆ ಎಲ್ಲಮ್ಮನ ಬಳೆ, ಮಂಗಳಸೂತ್ರ ತೆಗೀತಾರೆ, ತಾಯಿ ವಿಧವೆ ಆಗ್ತಾಳೆ. ಭಾರತ ಹುಣ್ಣಿಮೆಗೆ ಮತ್ತೆ ಮುತ್ತೈದೆ ಆಗ್ತಾಳೆ. ಗುಡ್ಡ ತುಂಬ ಜನ ಸೇರ್ತಾರೆ. ದೇವಿಗೆ ಮತ್ತೆ ಮುತ್ತೈದೆ ಆಗೋ ದಾರಿ ಇದೆ. ನಮ್ಮ ಚಿಗವ್ವನಿಗೆ ಇಲ್ಲ. ಚಿಗಪ್ಪ ಹೋದ ಮೇಲೆ ಅವಳು ಯಾವ ಉಡಿ ತುಂಬೋ ಕಡೆಯೂ ಮುಂದೆ ಬಂದಿಲ್ಲ, ಬಾಗಿಲ ಹಿಂದೆ ನಿಲ್ತಾಳೆ. ಇಲ್ಲಿ ನಮ್ಮ ಕನ್ನಡ ಕೂಟದಲ್ಲಿ ಅರಿಶಿನ ಕುಂಕುಮಕ್ಕೆ ಯಾರನ್ನು ಕರೀಬೇಕು ಅನ್ನೋ ಪಟ್ಟಿ ಮಾಡುವಾಗ ಅದೇ ಬಾಗಿಲನ್ನು ನಾವೂ ಕಟ್ಟಿಕೊಂಡು ಬಂದಿದ್ದೇವೆ ಅಂತ ಗೊತ್ತಾಗುತ್ತೆ. ನನ್ನ ಮಗಳು ಕೇಳಿದ್ದಳು, "ಆ ಆಂಟಿಯನ್ನು ಯಾಕೆ ಕರೀಲಿಲ್ಲ?" ಅಂತ. ಏನು ಹೇಳಬೇಕು ನೀವೇ ಹೇಳಿ.

ಅದೇ ಎಲ್ಲಮ್ಮನ ಹೆಸರಿನಲ್ಲಿ ಬಡವರ, ದಲಿತರ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿ ಮಾಡಿದ್ದೂ ನಮ್ಮದೇ ಸಂಪ್ರದಾಯ. 1982ರಲ್ಲಿ ಕರ್ನಾಟಕ ಅದನ್ನು ನಿಷೇಧಿಸೋ ಕಾನೂನು ಮಾಡಿತು. ಕಾನೂನು ಒಂದರಿಂದಲೇ ಅದು ಕಡಿಮೆ ಆಗಲಿಲ್ಲ. ಘಟಪ್ರಭೆಯಲ್ಲಿ ಮುತ್ತು ಕಟ್ಟಿಸಿಕೊಂಡಿದ್ದ ಹೆಂಗಸರೇ ಸೇರಿ ತಮ್ಮದೇ ಸಂಸ್ಥೆ ಕಟ್ಟಿದರು, ಹಳ್ಳಿ ಹಳ್ಳಿ ಸುತ್ತಿ, ಮನೆಯವರ ಜೊತೆ ಜಗಳವಾಡಿ, ಮುಂದಿನ ಹುಡುಗಿಯರಿಗೆ ಹಾಗಾಗದಂತೆ ತಡೆದರು. ಅವರಲ್ಲಿ ಒಬ್ಬರಾದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಪಶ್ಚಿಮದವರು ಬಂದು ಅವರಿಗೆ ಹೇಳಿಕೊಟ್ಟಿದ್ದಾ? ಮಕ್ಕಳಿಗೆ ಕಿತ್ತೂರು ಚೆನ್ನಮ್ಮನ ಪಾತ್ರ ಹಾಕಿಸ್ತೀವಲ್ಲ, ಜೊತೆಗೆ ಸೀತವ್ವನ ಕಥೆಯನ್ನೂ ಹೇಳೋಣ. ಇಬ್ಬರೂ ಬೆಳಗಾವಿ ಜಿಲ್ಲೆಯವರೇ.

ಈಗ ಯಾರೂ ಎತ್ತದ ವಿಷಯ. ಹಬ್ಬದ ಬಗ್ಗೆ ನೂರಾರು ಮೆಸೇಜು ಹಾಕ್ತೀವಿ, ಹೊಲದ ಬಗ್ಗೆ ಒಂದೂ ಇಲ್ಲ. ನಮ್ಮಲ್ಲಿ ಎಷ್ಟು ಹೆಣ್ಣುಮಕ್ಕಳಿಗೆ ಊರಿನಿಂದ "ವಾಟ್ನಿ (ಆಸ್ತಿ ಪಾಲು) ಮಾಡಾಕತ್ತೀವಿ, ಒಂದು ಸಹಿ ಬೇಕಾಗಿತ್ತವಾ" ಅಂತ ಫೋನ್ ಬಂದಿದೆ? ಎಷ್ಟು ಮಂದಿ ರಾಯಭಾರ ಕಚೇರಿಗೆ ಹೋಗಿ ಹಕ್ಕು ಬಿಟ್ಟ ಕಾಗದಕ್ಕೆ ಮುದ್ರೆ ಹಾಕಿಸಿ ಕಳಿಸಿದ್ದೀರಿ? 1994ರಲ್ಲಿ ಕರ್ನಾಟಕವೇ ಕಾನೂನು ತಿದ್ದಿ, ಆ ಹೊತ್ತಿಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತ್ತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯನ್ನೇ ತಿದ್ದಿ ದೇಶದಾದ್ಯಂತ ಎಲ್ಲ ಹೆಣ್ಣುಮಕ್ಕಳಿಗೆ ಆ ಹಕ್ಕು ಬಂತು. ತಿದ್ದುಪಡಿಗಿಂತ ಮೊದಲೇ ಅಪ್ಪ ತೀರಿಕೊಂಡಿದ್ದರೂ ಮಗಳಿಗೆ ಪಾಲು ಇದೆ ಅಂತ 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾನೂನು ಇಷ್ಟು ಸ್ಪಷ್ಟ ಇದ್ದರೂ ಸಹಿ ಹಾಕ್ತೀವಿ. ಯಾಕೆ?

ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಇದಕ್ಕೆ ಕೊಡೋ ಕಾರಣ ನನಗೆ ನಮ್ಮ ಊರಿನ ಮಾತಿನ ಹಾಗೇ ಕೇಳಿಸುತ್ತೆ. ಹೆಣ್ಣುಮಕ್ಕಳು ಹೊಲ ಬಿಡೋದು ದಡ್ಡತನದಿಂದಲ್ಲ. ಗಂಡನ ಮನೆಯಲ್ಲಿ ಕಷ್ಟ ಬಂದರೆ ಅಣ್ಣನ ಮನೆಯ ಬಾಗಿಲು ತೆರೆದಿರಲಿ ಅನ್ನೋ ಆಸೆಯಿಂದ. ಪಂಚಮಿಗೆ ಕರೆಯೋಕೆ ಬರೋ ಅಣ್ಣ, ಒಂದು ಸೀರೆ, ಕುಬುಸದ ಖಣ, ಕೊಬ್ಬರಿ ಬಟ್ಟಲು. ಅದು ಪ್ರೀತಿಯೂ ಹೌದು, ಹೊಲದ ಬದಲಿಗೆ ಸಿಗೋ ಬಡ್ಡಿಯೂ ಹೌದು. ಎರಡನ್ನೂ ಬಿಡಿಸಿ ನೋಡೋಕೆ ಸಂಕಟ ಆಗುತ್ತೆ. ಆದರೆ ನಾವು ಇಲ್ಲಿ ಸಂಬಳ ತರೋ ಹೆಂಗಸರು, ಅಣ್ಣನ ಬಾಗಿಲನ್ನೇ ನಂಬಿಕೊಂಡಿಲ್ಲ. ನಾವೂ ಕೇಳದಿದ್ದರೆ ಹುನಗುಂದದಲ್ಲಿ ಕೂಲಿಗೆ ಹೋಗೋ ಹೆಣ್ಣುಮಗಳು ಹೇಗೆ ಕೇಳ್ತಾಳೆ? ನಾನು ಸಹಿ ಹಾಕಿಲ್ಲ. ಅಣ್ಣ ಮಾತು ಬಿಟ್ಟಿಲ್ಲ, ಪಂಚಮಿಗೆ ಫೋನ್ ಬರುತ್ತೆ. ಸ್ವಲ್ಪ ತಣ್ಣಗಿರುತ್ತೆ, ಅಷ್ಟೇ. ಅವ್ವ ಮಾತ್ರ ಒಂದು ದಿನ ಮೆಲ್ಲಗೆ "ಛಲೋ ಮಾಡಿದಿ ಬಿಡ, ನಾ ನಮ್ಮಣ್ಣಗ ಬರದು ಕೊಟ್ಟು ಕುಂತೇನಿ" ಅಂದಳು. ಗುಂಪಿನ ಗಂಡಸರಿಗೆ ಒಂದು ಪ್ರಶ್ನೆ: ನಿಮ್ಮ ಅಕ್ಕತಂಗಿಯರಿಂದ ನೀವು ಸಹಿ ಹಾಕಿಸಿಕೊಂಡಿದ್ದೀರಾ? ಇಲ್ಲಿ ಉತ್ತರ ಬರೀಬೇಡಿ, ನಿಮ್ಮ ಮಗಳಿಗೆ ಹೇಳಿ ಸಾಕು.

ಊರು ಸುಮ್ಮನೆ ಕೂತಿಲ್ಲ ಅನ್ನೋದೂ ನೆನಪಿರಲಿ. ನಾವು ಬಿಟ್ಟು ಬಂದ ವರ್ಷದ ಬಾಗಲಕೋಟೆ ನಮ್ಮ ತಲೆಯಲ್ಲಿ ಹಾಗೇ ನಿಂತಿದೆ. ಅಲ್ಲಿ ರೊಟ್ಟಿ ಮಾಡೋ ಮಷಿನ್ ಬಂದಿದೆ, ಸ್ವಸಹಾಯ ಸಂಘದ ಹೆಂಗಸರು ಕಡಕ್ ರೊಟ್ಟಿ ಪ್ಯಾಕ್ ಮಾಡಿ ಮಾರ್ತಾರೆ. ವಿಜಯಪುರದಲ್ಲಿ 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯವೇ ಶುರುವಾಯಿತು, ಈಗ ಅಕ್ಕಮಹಾದೇವಿಯ ಹೆಸರಿದೆ. 2023ರ ಜೂನಿನಿಂದ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ನನ್ನ ಅತ್ತೆ ಯಾರನ್ನೂ ಕೇಳದೆ ತಾವೇ ಎದ್ದು ಕೂಡಲಸಂಗಮಕ್ಕೆ ಹೋಗಿ ಬರ್ತಾರೆ. ಹಿಂದೆ ಮಾವ ಟಿಕೆಟ್ ತೆಗೆಸಬೇಕಿತ್ತು. ಅಂಥ ಅತ್ತೆಯವರ ಹೆಸರು ಹೇಳಿ ನಾವಿಲ್ಲಿ "ಊರಲ್ಲಿ ಹೀಗೇ" ಅಂತ ಮಕ್ಕಳಿಗೆ ಪಾಠ ಮಾಡ್ತೀವಿ.

ಅತ್ತೆಯವರ ಮಾತು ಬಂತಲ್ಲ. ಅವರು ಹೋದ ಬೇಸಿಗೆಯಲ್ಲಿ ಬಂದಿದ್ದಾಗ ನನ್ನ ಗಂಡ ರೊಟ್ಟಿ ಬಡಿಯೋಕೆ ನಿಂತರು. ಜೋಳದ ಹಿಟ್ಟಿಗೆ ಕುದಿಯೋ ಎಸರು ಹಾಕಿ ನಾದಿ, ತಟ್ಟಿ, ಹಂಚಿಗೆ ಹಾಕಿ, ಮೇಲೆ ನೀರು ಸವರೋದು. ಮೊದಮೊದಲು ನಕಾಶೆ ಆಗೋದು, ಈಗ ದುಂಡಗೆ ಬರುತ್ತೆ. ಅತ್ತೆ ನೋಡಿದರು. ನಾನು ಬೈಗುಳಕ್ಕೆ ತಯಾರಾಗಿದ್ದೆ. ಅವರು ಸೀರೆ ಸೆರಗು ಸಿಕ್ಕಿಸಿಕೊಂಡು ಹತ್ತಿರ ಹೋಗಿ, "ಅಷ್ಟ ಜೋರಾಗಿ ಬಡಿಬ್ಯಾಡೋ, ಅಂಚು ಹರೀತದ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಇದನ್ನ ಊರಾಗ ಹೇಳಬ್ಯಾಡವಾ" ಅಂದರು. ಊರಿಗೆ ವಾಪಸ್ ಹೋಗಿ ಎಲ್ಲರಿಗೂ ಹೇಳಿದ್ದು ಅವರೇ.

ಹಾಗಾಗಿ ನನ್ನದೊಂದು ಸಲಹೆ. ಹಬ್ಬ ಬಿಡೋದು ಬೇಡ, ಇರೋದನ್ನೇ ಹೆಂಗಸರಿಗೆ ಇನ್ನಷ್ಟು ಹೇರೋದೂ ಬೇಡ. ಕಳೆದುಹೋದ ಗಂಡಸರ ಪಾಲನ್ನು ವಾಪಸ್ ತರೋಣ. ಸ್ವೀಡನ್ನಿನವರು ಮಾಡಿದ ಹಾಗೆ, ಹೆಂಡತಿಯ ಕೈಗೆ ದಾಟಿಸೋಕೆ ಬಾರದಂತೆ. ಸಂಕ್ರಾಂತಿಗೆ ಇಡೀ ಕೂಟದ ಹುಗ್ಗಿ ಗಂಡಸರದ್ದು. ಗೋಧಿ, ಬೆಲ್ಲ ತರೋದರಿಂದ ಹಿಡಿದು ಪಾತ್ರೆ ತೊಳೆದು ಕೀಲಿ ಹಾಕೋವರೆಗೆ. ನಡುವೆ "ಬೆಲ್ಲ ಎಷ್ಟು ಹಾಕ್ಲಿ?" ಅಂತ ಹೆಂಡತಿಗೆ ಫೋನ್ ಮಾಡೋ ಹಾಗಿಲ್ಲ, ಬೇಕಾದರೆ ಊರಿನಲ್ಲಿ ದಾಸೋಹಕ್ಕೆ ನಿಲ್ಲೋ ಕಾಕಾನನ್ನು ಕೇಳಿ. ಅರಿಶಿನ ಕುಂಕುಮದ ದಿನ ಬಂದ ಹೆಂಗಸರೆಲ್ಲರಿಗೂ ಉಡಿ, ಪಟ್ಟಿ ಇಲ್ಲ, ಬಾಗಿಲಿಲ್ಲ. ಇದಕ್ಕೆ ಒಪ್ಪದವರು ಇರ್ತೀರಿ ಅಂತ ಗೊತ್ತು. ಮಾತಾಡೋಣ, ಆದರೆ ಈ ಸಲ ಪಟ್ಟಿ ಮಾಡೋ ಕೆಲಸ ನನಗೆ ಬಂದಿದೆ.

ಮೊದಲಿಗೆ ಮಣ್ಣೆತ್ತಿನ ಅಮವಾಸ್ಯೆ. ಅದು ಇಲ್ಲಿಯ ಬೇಸಿಗೆ ಹಬ್ಬ ಮಿಡ್‌ಸಮ್ಮರಿನ ಆಸುಪಾಸಿನಲ್ಲೇ ಬರುತ್ತೆ, ರಾತ್ರಿ ಹತ್ತಕ್ಕೂ ಬೆಳಕಿರುತ್ತೆ, ಮಕ್ಕಳಿಗೆ ರಜೆ. ಕೆರೆ ದಂಡೆಯಲ್ಲಿ ಸೇರೋಣ. ಅಪ್ಪಂದಿರು ಗಂಡುಹೆಣ್ಣು ಎರಡೂ ಮಕ್ಕಳನ್ನು ಕೂಡಿಸಿಕೊಂಡು ಎತ್ತು ಮಾಡಿಸಬೇಕು. ಗ್ವಾದಲಿ ಮರೀಬೇಡಿ. ಅಮ್ಮಂದಿರು ಚಾಪೆ ಮೇಲೆ ಕೂತು ಚಹಾ ಕುಡೀತೀವಿ. ಮಣ್ಣು ಎಲ್ಲಿ ಸಿಗುತ್ತೆ, ಯಾರು ತರ್ತೀರಿ, ಚಹಾ ಯಾರು ಮಾಡ್ತೀರಿ ಅಂತ ಕೆಳಗೆ ಹೆಸರು ಹಾಕಿ. ಗಂಡಸರು ಮಾತ್ರ. ಗಂಡನ ಹೆಸರನ್ನು ಹೆಂಡತಿ ಹಾಕಿದರೆ ಲೆಕ್ಕಕ್ಕಿಲ್ಲ.